ಹುಡುಗರ ತಂಡ ಕಟ್ಟುತ್ತಿರುವಾಗ ಕೋಚ್ ಅಭಿಮಾನಿಗಳಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು?

ಎಡಬದಿ ಬೆಂಚು

ಬೆಂಗಳೂರಿನ ಎ ಡಿವಿಷನ್‌ನಲ್ಲಿ ಆಡುವ ಒಂದು ಫುಟ್‌ಬಾಲ್ ಕ್ಲಬ್‌ನ ಪರವಾಗಿ ಕೇಳುತ್ತಿದ್ದೇನೆ. ಈ ಸಲ ತಂಡವನ್ನು ಬುಡದಿಂದ ಕಟ್ಟುತ್ತಿದ್ದಾರೆ. 24 ಜನರಲ್ಲಿ 15 ಜನ 21 ದಾಟದವರು, ನಾಲ್ವರಿಗೆ ಇನ್ನೂ 18 ತುಂಬಿಲ್ಲ. ಹಳಬರಲ್ಲಿ ಆರು ಜನರನ್ನು ಬಿಟ್ಟುಕೊಟ್ಟಿದ್ದಾರೆ. ಹೋದ ವರ್ಷ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಸ್ಟ್ರೈಕರ್ ಕೂಡ ಆ ಆರರಲ್ಲಿ ಒಬ್ಬರು. ಇಲ್ಲಿಯವರೆಗೆ ನಾಲ್ಕು ಪಂದ್ಯ, ಮೂರು ಸೋಲು, ಒಂದು ಡ್ರಾ. ಹೊಡೆದದ್ದು 3 ಗೋಲು, ಬಿಟ್ಟದ್ದು 9.

ಕೋಚ್ ಕೆಲಸದಲ್ಲಿ ಗಟ್ಟಿ, ಮಾತು ಕಮ್ಮಿ. ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ 200ಕ್ಕೂ ಹೆಚ್ಚು ಜನ ಇದ್ದಾರೆ, ಅಲ್ಲಿ ಈಗ ಬೆಂಕಿ ಬಿದ್ದಿದೆ. ಬೈಗುಳದಲ್ಲಿ ಅರ್ಧ ಕೋಚ್‌ಗೆ, ಇನ್ನರ್ಧ 19 ವರ್ಷದ ಗೋಲ್‌ಕೀಪರ್‌ಗೆ. ಕ್ಲಬ್ ಎರಡು ಸಲ "ತಾಳ್ಮೆ ಇರಲಿ" ಎಂದು ಬರೆದು ಹಾಕಿತು. ಅದರಿಂದ ಸಿಟ್ಟು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಕೋಚ್ ತಾವೇ ಮಾತಾಡಬೇಕೇ, ಕ್ಲಬ್ ಮೂಲಕ ಹೇಳಿಸಿದರೆ ಸಾಕೇ? ಮಾತಾಡುವುದಾದರೆ ವಾರಕ್ಕೆ ಎಷ್ಟು ಸಲ, ಯಾವಾಗ, ಯಾವ ವಿಷಯ? ಈ ಕೆಲಸ ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

---

ಮಧ್ಯಗೆರೆ

ಕೋಚೇ ಮಾತಾಡಬೇಕು. ಆದರೆ ಈಗ ಮಾಡುತ್ತಿರುವ ಹಾಗೆ ಸೋತ ಮೇಲೆ ಅಲ್ಲ, ಪಂದ್ಯಕ್ಕೆ ಮುಂಚೆ. ಮುಂಚೆ ಹೇಳಿದ್ದು ವಿವರಣೆಯಾಗುತ್ತದೆ. ಅದೇ ಮಾತನ್ನು ಸೋತ ಮೇಲೆ ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ, ಪದ ಒಂದೂ ಬದಲಾಗದಿದ್ದರೂ.

"ತಾಳ್ಮೆ ಇರಲಿ" ಯಾಕೆ ಕೆಲಸ ಮಾಡುವುದಿಲ್ಲ ಅಂದರೆ, ಏನನ್ನು ನೋಡುತ್ತಾ ಕಾಯಬೇಕು ಎಂಬುದು ಅದರಲ್ಲಿ ಇಲ್ಲ. ಗ್ಯಾಲರಿಯಲ್ಲಿ ಕೂತವನಿಗೆ ಕಾಣುವುದು ಸ್ಕೋರ್ ಒಂದೇ. ನೋಡಲು ಬೇರೆ ಏನನ್ನೂ ಕೊಡದಿದ್ದರೆ ಅವನು ಸ್ಕೋರನ್ನೇ ನೋಡುತ್ತಾನೆ, ಅದು ಅವನ ತಪ್ಪಲ್ಲ.

ನಿಮ್ಮ ಗೋಲ್‌ಕೀಪರ್ ವಿಷಯವನ್ನೇ ತೆಗೆದುಕೊಳ್ಳಿ. ಬೈಗುಳ ಬೀಳುತ್ತಿದೆ ಅಂದರೆ ಬಹುಶಃ ಅವನು ಗೋಲ್ ಕಿಕ್ (ಎದುರಾಳಿಯ ಕಾಲಿಂದ ಬಾಲ್ ಗೋಲ್ ಗೆರೆಯ ಆಚೆ ಹೋದಾಗ ಆಟ ಮತ್ತೆ ಶುರು ಮಾಡುವ ಕಿಕ್) ದೂರ ಹೊಡೆಯದೆ ಚಿಕ್ಕದಾಗಿ ಶುರು ಮಾಡುತ್ತಿದ್ದಾನೆ, ಬಾಲ್ ಅಲ್ಲೇ ಹೋಗುತ್ತಿದೆ. 2019ರಲ್ಲಿ ನಿಯಮ ಬದಲಾಗಿ, ಗೋಲ್ ಕಿಕ್ ಬಾಕ್ಸ್ (ಗೋಲ್ ಮುಂದಿನ ಪೆನಾಲ್ಟಿ ಚೌಕ) ದಾಟಬೇಕು ಎನ್ನುವುದು ಹೋಯಿತು. ಸೆಂಟರ್ ಬ್ಯಾಕ್‌ಗಳು, ಅಂದರೆ ನಡುವಿನ ಡಿಫೆಂಡರ್‌ಗಳು, ಬಾಕ್ಸ್ ಒಳಗೇ ನಿಂತು ಬಾಲ್ ತೆಗೆದುಕೊಳ್ಳಬಹುದು. ಈಗ ಆ ಕ್ಷಣ ನೋಡಿ. ಗೋಲಿ (ಗೋಲ್‌ಕೀಪರ್) ಬಾಲ್ ಮೇಲೆ ಕಾಲಿಟ್ಟು ನಿಂತಿದ್ದಾನೆ. ಎಡಕ್ಕೊಬ್ಬ ಬಲಕ್ಕೊಬ್ಬ ಸೆಂಟರ್ ಬ್ಯಾಕ್. ಎದುರಾಳಿ ಫಾರ್ವರ್ಡ್‌ಗಳು ಬಾಕ್ಸ್ ಗೆರೆ ಮೇಲೆ ತುದಿಗಾಲಲ್ಲಿ. ಗೋಲ್ ಹಿಂದಿನ ಜಾಲರಿ ಬೇಲಿಗೆ ಮುಖ ಒತ್ತಿಕೊಂಡು ನಿಂತ ನಮ್ಮವರೇ "ಹೊಡಿ, ಹೊಡಿ, ಮುಂದಕ್ಕೆ ಹೊಡಿ" ಅಂತ ಕೂಗುತ್ತಿದ್ದಾರೆ. ಕೋಚ್ ಆ ಹುಡುಗನಿಗೆ ವಾರವಿಡೀ ಹೇಳಿಕೊಟ್ಟದ್ದು ಒಂದು, ಕಿವಿಗೆ ಬೀಳುತ್ತಿರುವುದು ಇನ್ನೊಂದು. ಅವನು ಅರೆಮನಸ್ಸಿನಿಂದ ಪಾಸ್ ಕೊಡುತ್ತಾನೆ. ಅರೆಮನಸ್ಸಿನ ಪಾಸ್ ಅಂದರೆ ನಿಧಾನದ ಪಾಸ್. ಬಾಲ್ ಹೋಗುವುದು ಅಲ್ಲೇ.

ಅಂದರೆ ಅಭಿಮಾನಿಗಳ ಜೊತೆ ಮಾತಾಡುವುದು ಅಂಗಳದ ಆಚೆಯ ಕೆಲಸ ಅಲ್ಲ, ಆ ಪಾಸ್‌ನ ವೇಗವನ್ನೇ ಬದಲಾಯಿಸುವ ಕೆಲಸ. ಕೋಚ್ ಶುಕ್ರವಾರವೇ "ನಾವು ಗೋಲಿಯಿಂದ ಚಿಕ್ಕ ಪಾಸ್‌ನಲ್ಲೇ ಶುರು ಮಾಡುತ್ತೇವೆ, ಪಂದ್ಯಕ್ಕೆ ಒಂದೆರಡು ಸಲ ಬಾಲ್ ಹೋಗಬಹುದು, ಆ ತಪ್ಪು ನನ್ನ ಲೆಕ್ಕಕ್ಕೆ, ಹುಡುಗನ ಲೆಕ್ಕಕ್ಕೆ ಅಲ್ಲ" ಎಂದು ಹೇಳಿಬಿಟ್ಟರೆ ಕೂಗು ಅರ್ಧವಾದರೂ ಕಮ್ಮಿಯಾಗುತ್ತದೆ.

ಜೊತೆಗೆ ಎಣಿಸಲು ಏನಾದರೂ ಕೊಡಿ. ಒಬ್ಬ ಅಭಿಮಾನಿ ಒಂದು ನೋಟ್‌ಬುಕ್ ಹಿಡಿದು ಕೂರಲಿ, ಮೂರು ಕಾಲಂ: ಚಿಕ್ಕದಾಗಿ ಶುರುವಾದ ಗೋಲ್ ಕಿಕ್ ಎಷ್ಟು, ಅದರಲ್ಲಿ ನಮ್ಮ ಕಾಲಲ್ಲೇ ಮಧ್ಯಗೆರೆ ದಾಟಿದ್ದು ಎಷ್ಟು, ನಮ್ಮ ಅರ್ಧದಲ್ಲೇ ಕಳಕೊಂಡದ್ದು ಎಷ್ಟು. ಒಂದು ಪಂದ್ಯದ ಲೆಕ್ಕಕ್ಕೆ ಬೆಲೆಯಿಲ್ಲ, ಎದುರಾಳಿ ಹೇಗೆ ಪ್ರೆಸ್ ಮಾಡಿದರು (ಬಾಲ್ ಕಸಿಯಲು ಮೇಲೆ ಬಿದ್ದರು) ಎಂಬುದರ ಮೇಲೆ ಏರುಪೇರಾಗುತ್ತದೆ. ನಾಲ್ಕು ಪಂದ್ಯ ಕೂಡಿಸಿ, ಮುಂದಿನ ನಾಲ್ಕರ ಜೊತೆ ಹೋಲಿಸಿ. ಮಧ್ಯಗೆರೆ ದಾಟಿದ್ದರ ಪಾಲು ಏರುತ್ತಿದ್ದರೆ ಸೋತ ದಿನವೂ ತೋರಿಸಲು ಏನೋ ಇರುತ್ತದೆ. ಏರದಿದ್ದರೆ ಕೋಚ್‌ಗೂ ಅದು ಗೊತ್ತಾಗಬೇಕಾದ ಸಂಗತಿಯೇ.

ದೊಡ್ಡ ಉದಾಹರಣೆ ಬೇಕಾದರೆ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್. 2021ರ ಬೇಸಿಗೆಯಲ್ಲಿ ಕೋಚ್ ಅರ್ಟೆಟಾ ತಂಡಕ್ಕೆ ಆರು ಜನರನ್ನು ಕೊಂಡರು: ವೈಟ್, ರಾಮ್ಸ್‌ಡೇಲ್, ಓಡೆಗಾರ್ಡ್, ಟೊಮಿಯಾಸು, ಲೊಕೊಂಗಾ, ತವಾರೆಸ್. ಒಬ್ಬರಿಗೂ 23 ದಾಟಿರಲಿಲ್ಲ. ಸೀಸನ್ ಶುರುವಾಗಿದ್ದು ಬ್ರೆಂಟ್‌ಫರ್ಡ್ ಎದುರು 0-2, ಚೆಲ್ಸಿ ಎದುರು 0-2, ಮ್ಯಾಂಚೆಸ್ಟರ್ ಸಿಟಿ ಎದುರು 0-5. ಮೂರು ಪಂದ್ಯ, ಒಂದೂ ಗೋಲಿಲ್ಲ, ಟೇಬಲ್‌ನಲ್ಲಿ ಕಟ್ಟಕಡೆಯ ಜಾಗ. ಆ ಸೀಸನ್ 5ನೇ ಸ್ಥಾನದಲ್ಲಿ ಮುಗಿಯಿತು, ಮುಂದಿನ ಎರಡರಲ್ಲೂ 2ನೇ ಸ್ಥಾನ. ಅಲ್ಲಿ ಜನ ಕಾದರು ಅಂದರೆ ದಾರಿ ಕಣ್ಣಿಗೆ ಕಾಣುತ್ತಿತ್ತು: ಕೊಂಡವರ ವಯಸ್ಸು, ಆಡಿಸಿದವರ ವಯಸ್ಸು, ಆಡುವ ರೀತಿ, ಮೂರೂ ಒಂದೇ ಮಾತು ಹೇಳುತ್ತಿದ್ದವು.

---

ಆರನೇ ನಂಬರ್

ಮಧ್ಯಗೆರೆ ಅವರ ಗೋಲ್ ಕಿಕ್ ಮಾತು ಪೂರ್ತಿ ಒಪ್ಪುತ್ತೇನೆ. ಆರ್ಸೆನಲ್ ಹೋಲಿಕೆಯಲ್ಲಿ ಒಂದು ಎಚ್ಚರ. ಆ ಆರು ಜನರಿಗೆ ಸುರಿದ ದುಡ್ಡಿನ ಲೆಕ್ಕವೇ ಬೇರೆ. ನಮ್ಮ ಎ ಡಿವಿಷನ್ ಕ್ಲಬ್‌ನಲ್ಲಿ ಹುಡುಗರು ಆಡುತ್ತಿರುವುದಕ್ಕೆ ಅರ್ಧ ಕಾರಣ ಯೋಜನೆ, ಅರ್ಧ ಕಾರಣ ಹಳಬರಿಗೆ ಕೊಡಲು ದುಡ್ಡಿಲ್ಲದಿರುವುದು. ಹಾಗಿದ್ದರೆ ಅದನ್ನೂ ಹೇಳಿ. ಬಜೆಟ್ ಕಡಿತವನ್ನು "ಯುವಶಕ್ತಿಯ ಯೋಜನೆ" ಎಂದು ಬಣ್ಣ ಬಳಿದು ಹೇಳಿದರೆ, ಅಭಿಮಾನಿಗಳಿಗೆ ಸತ್ಯ ಗೊತ್ತಾಗುವ ದಿನ ಕೋಚ್ ಹೇಳಿದ ನಿಜವಾದ ಮಾತುಗಳೂ ಸುಳ್ಳಾಗುತ್ತವೆ. ದುಡ್ಡಿನ ವಿಷಯ ಕಾರ್ಯದರ್ಶಿ ಬಾಯಿಂದ ಬರಲಿ, ಆಟದ ವಿಷಯ ಕೋಚ್ ಬಾಯಿಂದ. ಇವೆರಡನ್ನು ಒಬ್ಬರೇ ಹೇಳಲು ಹೋದಾಗಲೇ ಎಡವಟ್ಟಾಗುವುದು.

ಹುಡುಗರ ತಂಡ ಅಂದಕೂಡಲೇ ಎಲ್ಲರೂ 1995ರ ಮ್ಯಾಂಚೆಸ್ಟರ್ ಯುನೈಟೆಡ್ ಹೆಸರು ಹೇಳುತ್ತಾರೆ. ಇನ್ಸ್, ಹ್ಯೂಸ್, ಕಾಂಚೆಲ್‌ಸ್ಕಿಸ್ ಮೂವರನ್ನೂ ಒಂದೇ ಬೇಸಿಗೆಯಲ್ಲಿ ಕಳಿಸಿ, ಮೊದಲ ಪಂದ್ಯದಲ್ಲಿ ಆಸ್ಟನ್ ವಿಲ್ಲಾ ಎದುರು 1-3 ಸೋತು, ಟಿವಿಯಲ್ಲಿ ವಿಶ್ಲೇಷಕ ಅಲನ್ ಹ್ಯಾನ್ಸನ್ ಹುಡುಗರನ್ನು ಕಟ್ಟಿಕೊಂಡು ಏನೂ ಗೆಲ್ಲಲಾಗದು ಅಂದ ಮೇಲೂ ಅದೇ ಸೀಸನ್ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದರು. ಸರಿ. ಆದರೆ ಗೋಲಿನಲ್ಲಿ ಶ್ಮೈಕೆಲ್ ಇದ್ದರು, ಡಿಫೆನ್ಸ್‌ನಲ್ಲಿ ಬ್ರೂಸ್, ಪಾಲಿಸ್ಟರ್, ಅರ್ವಿನ್ ಇದ್ದರು, ನಡುವೆ ಕೀನ್ ಇದ್ದರು, ಅಕ್ಟೋಬರ್‌ನಲ್ಲಿ ನಿಷೇಧ ಮುಗಿಸಿ ಕಾಂಟೋನಾ ಬಂದರು. ಬೆಕಮ್, ಸ್ಕೋಲ್ಸ್, ಬಟ್, ನೆವಿಲ್ ಸೋದರರು ಹುಡುಗರೇ, ಆದರೆ ಅವರ ಬೆನ್ನೆಲುಬು ಹುಡುಗರದ್ದಾಗಿರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಭಿಮಾನಿಗಳಿಗೆ ಹುಡುಗರ ಹೆಸರು ಹೇಳುವ ಮೊದಲು ಉಳಿದ ಹಳಬರ ಹೆಸರು ಹೇಳಿ. 24ರಲ್ಲಿ 9 ಜನ 21 ದಾಟಿದವರು ಇದ್ದಾರಲ್ಲ, ಅವರಲ್ಲಿ ಬೆನ್ನೆಲುಬಾಗಿ ಮೂರ್ನಾಲ್ಕು ಜನರನ್ನು ಗುರುತಿಸಿ, ಇಂಥವರು ಇಂಥ ಜಾಗದಲ್ಲಿ, ಇಂಥ ಹುಡುಗನ ಪಕ್ಕದಲ್ಲಿ ಎಂದು ಕೋಚ್ ಬಿಡಿಸಿ ಹೇಳಲಿ. 19ರ ಗೋಲಿಯ ಮುಂದೆ 30ರ ಸೆಂಟರ್ ಬ್ಯಾಕ್ ನಿಂತಿದ್ದಾನೆ ಎನ್ನುವುದು ತಿಳಿದರೆ ಜನರ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಬೈಗುಳ ಬೀಳುವಾಗ ಕ್ಯಾಮೆರಾ ಮುಂದೆ ಬರಬೇಕಾದವರೂ ಅವರೇ. ಪಂದ್ಯ ಸೋತ ದಿನ ಹುಡುಗರನ್ನು ಮಾತಾಡಲು ಕಳಿಸಬೇಡಿ. ಗೆದ್ದ ದಿನ ಕಳಿಸಿ.

ಇನ್ನೊಂದು. ಎಲ್ಲವನ್ನೂ ಮುಂಚೆ ಹೇಳುವುದಕ್ಕೆ ಮಿತಿ ಇದೆ. ಬೆಂಗಳೂರು ಫುಟ್‌ಬಾಲ್ ಪ್ರಪಂಚ ಚಿಕ್ಕದು. ಗೌತಮಪುರದಲ್ಲಿ ಹೇಳಿದ್ದು ಆಸ್ಟಿನ್ ಟೌನ್‌ಗೆ ಹತ್ತು ನಿಮಿಷದಲ್ಲಿ ತಲುಪುತ್ತದೆ, ನಿಮ್ಮ 200 ಜನರ ಗ್ರೂಪಿನಲ್ಲಿ ಎದುರಾಳಿ ತಂಡದವನ ತಮ್ಮನೋ ಭಾವನೋ ಇದ್ದೇ ಇರುತ್ತಾನೆ. ಏನು ಕಲಿಯುತ್ತಿದ್ದೇವೆ ಎಂಬುದನ್ನು ಹೇಳಿ. ಈ ಭಾನುವಾರ ಯಾರ ಮೇಲೆ ಹೇಗೆ ಎಂಬುದನ್ನು ಹೇಳಬೇಡಿ.

---

ಪಶ್ಚಿಮ ಮೂಲೆ

ಏನು ಹೇಳಬೇಕು ಅನ್ನೋದು ಬಂತು. ಹೇಗೆ ತಲುಪಿಸಬೇಕು ಅನ್ನೋದರ ಬಗ್ಗೆ ನಾನು ಬರೀತೀನಿ, ಹಾಳಾಗೋದು ಹೆಚ್ಚಾಗಿ ಅಲ್ಲೇ.

ಕೋಚ್ ಅವರನ್ನ ಅಭಿಮಾನಿಗಳ ಗ್ರೂಪಿಗೆ ಸೇರಿಸಲೇಬೇಡಿ. ಸೇರಿಸಿದ ದಿನದಿಂದ ಅವರ ನಂಬರ್ ಎಲ್ಲರ ಕೈಗೆ ಸಿಗುತ್ತೆ, ರಾತ್ರಿ ಹನ್ನೊಂದಕ್ಕೆ "ಯಾಕೆ ಸರ್ ಅವನನ್ನ ಇಳಿಸಿದ್ರಿ" ಅಂತ ಶುರುವಾಗುತ್ತೆ. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಬ್ಬನಿಗೆ ಕೋಪ, ಯಾರಿಗೂ ಕೊಡದಿದ್ದರೆ ಅಹಂಕಾರ ಅಂತ ಹೆಸರು. ಅದರ ಬದಲು ವಾಟ್ಸಾಪ್ ಚಾನೆಲ್ ಮಾಡಿ. ಅಲ್ಲಿ ಕ್ಲಬ್ ಮಾತ್ರ ಬರೀಬಹುದು, ಫಾಲೋ ಮಾಡುವವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣಲ್ಲ. ಚರ್ಚೆಗೆ ಹಳೇ ಗ್ರೂಪ್ ಹಾಗೇ ಇರಲಿ, ಅದು ಅಭಿಮಾನಿಗಳ ಜಾಗ. 18 ತುಂಬದ ನಾಲ್ವರು ಹುಡುಗರು ಆ ಗ್ರೂಪಿನಲ್ಲಿ ಇದ್ದರೆ ಇವತ್ತೇ ಹೊರಗೆ ತನ್ನಿ. ತಮ್ಮ ಬಗ್ಗೆ ಬರೋ ಬೈಗುಳ ಅವರು ಓದ್ತಾ ಇರ್ತಾರೆ, ಯಾರಿಗೂ ಹೇಳಲ್ಲ.

ವಾರಕ್ಕೆ ಎರಡು ಮಾತು ಸಾಕು. ಭಾನುವಾರ ಪಂದ್ಯ ಅಂದ್ರೆ ಶುಕ್ರವಾರ ಸಂಜೆ ಒಂದು, ಮಂಗಳವಾರ ಒಂದು. ಶುಕ್ರವಾರದ್ದು ಮುಂದಿನ ಪಂದ್ಯಕ್ಕೆ, ಮಂಗಳವಾರದ್ದು ಹಿಂದಿನ ಪಂದ್ಯಕ್ಕೆ. ಸೋಮವಾರ ಯಾಕೆ ಬೇಡ ಅಂದ್ರೆ ಕೋಚ್ ಇನ್ನೂ ವಿಡಿಯೋ ನೋಡಿರಲ್ಲ, ಅಂಗಳದ ಪಕ್ಕದಿಂದ ಕಂಡಿದ್ದು ವಿಡಿಯೋದಲ್ಲಿ ಬೇರೆ ಥರ ಕಾಣುತ್ತೆ. ಗೆದ್ದರೂ ಸೋತರೂ ಅದೇ ದಿನ, ಅದೇ ಉದ್ದ. ಗೆದ್ದಾಗ ಐದು ಪ್ಯಾರಾ, ಸೋತಾಗ ಮೌನ, ಹೀಗೆ ಮಾಡಿದರೆ ಮುಗೀತು. ಆಮೇಲೆ ಮೌನಕ್ಕೇ ಅರ್ಥ ಹಚ್ಚೋಕೆ ಶುರು ಮಾಡ್ತಾರೆ.

ಧ್ವನಿ ಮೆಸೇಜ್ ಒಳ್ಳೇದು, ಮಾತು ಕಮ್ಮಿ ಇರುವ ಕೋಚ್‌ಗೆ ಬರೆಯೋದಕ್ಕಿಂತ ಸುಲಭ. 90 ಸೆಕೆಂಡ್ ಮೀರಬಾರದು. ಶುರುವಿನಲ್ಲೇ ತಾರೀಖು, ಎದುರಾಳಿ ತಂಡದ ಹೆಸರು ಹೇಳಲಿ. ಇಲ್ಲ ಅಂದ್ರೆ ಮೂರು ತಿಂಗಳಾದ ಮೇಲೆ ಯಾರೋ ಅದನ್ನೇ ಬೇರೆ ಸೋಲಿಗೆ ಅಂಟಿಸಿ ಫಾರ್ವರ್ಡ್ ಮಾಡ್ತಾರೆ. ಭಾಷೆ ನೋಡ್ಕೊಳ್ಳಿ. ನಮ್ಮ ಗ್ಯಾಲರಿಯಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಇದೆ. ಕೋಚ್‌ಗೆ ಯಾವುದು ಸಲೀಸೋ ಅದರಲ್ಲಿ ಮಾತಾಡಲಿ, ಉಳಿದ ಎರಡರಲ್ಲಿ ನಾಲ್ಕು ಸಾಲು ಬರೆದು ಕೆಳಗೆ ಹಾಕಿ. ಯಾರೂ ತಮ್ಮನ್ನ ಬಿಟ್ಟರು ಅಂದ್ಕೋಬಾರದು.

ತಿಂಗಳಿಗೊಮ್ಮೆ ಮುಖಾಮುಖಿ. 45 ನಿಮಿಷ. ದಯವಿಟ್ಟು ಹಾರ, ಶಾಲು, ಸ್ವಾಗತ ಭಾಷಣ ಇಡಬೇಡಿ, ಅದಕ್ಕೇ 20 ನಿಮಿಷ ಹೋಗುತ್ತೆ. ಕೋಚ್, ಪಕ್ಕದಲ್ಲಿ ಕ್ಯಾಪ್ಟನ್, ಒಂದು ಪ್ರೊಜೆಕ್ಟರ್. ಮೂರು ತುಣುಕು ವಿಡಿಯೋ, ಒಂದೊಂದೂ 30-40 ಸೆಕೆಂಡ್: ಅಂದುಕೊಂಡ ಹಾಗೆ ನಡೆದಿದ್ದು ಒಂದು, ಕೆಟ್ಟಿದ್ದು ಒಂದು, ಅದೇ ತಪ್ಪು ಮುಂದಿನ ಪಂದ್ಯದಲ್ಲಿ ಸರಿಹೋಗಿದ್ದು ಒಂದು. ಕೆಟ್ಟಿದ್ದನ್ನ ಆರಿಸುವಾಗ ಒಬ್ಬನೇ ಹುಡುಗ ಎಡವಿದ ತುಣುಕು ಬೇಡ. ನಾಲ್ಕು ಜನರ ನಿಲುವು ಸೇರಿ ಕೆಟ್ಟಿದ್ದು ಇರಲಿ. ಗೋಲಿಯ ಪಾಸ್ ಹೋಯ್ತು ಅಂತ ಎಲ್ಲರಿಗೂ ಕಂಡಿರುತ್ತೆ. ಅದಕ್ಕೆ ಮುಂಚೆ ಮಿಡ್‌ಫೀಲ್ಡರ್ ಗೋಲಿಗೆ ಬೆನ್ನು ಹಾಕಿ ನಿಂತಿದ್ದ, ಹಾಗಾಗಿ ಪಾಸ್ ಕೊಡೋಕೆ ಜಾಗವೇ ಇರಲಿಲ್ಲ ಅನ್ನೋದು ವಿಡಿಯೋ ನಿಲ್ಲಿಸಿ ತೋರಿಸಿದಾಗಷ್ಟೇ ಗೊತ್ತಾಗೋದು. ಅದನ್ನ ಒಂದು ಸಲ ನೋಡಿದವರು ಮುಂದಿನ ವಾರ ಗೋಲಿಯನ್ನಲ್ಲ, ಆ ಮಿಡ್‌ಫೀಲ್ಡರ್ ಭುಜ ಯಾವ ಕಡೆ ತಿರುಗಿದೆ ಅಂತ ನೋಡ್ತಾರೆ.

ಪ್ರಶ್ನೆ ಚೀಟಿಯಲ್ಲಿ ಬರಲಿ. ಮೈಕ್ ಕೊಟ್ಟರೆ ಮೂರು ಜನ ಭಾಷಣ ಮಾಡ್ತಾರೆ. ಚೀಟಿ ಕ್ಯಾಪ್ಟನ್ ಓದಲಿ, ಖಾರದ ಪ್ರಶ್ನೆಯನ್ನೇ ಮೊದಲು ತೆಗೀಲಿ.

ಕೋಚ್ ಕ್ಲಾಪ್ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ಗೆ ಬಂದ ಹೊಸದರ ಎರಡು ಘಟನೆ ಇಲ್ಲಿ ನೆನಪಿಡಬೇಕು. 2015ರ ನವೆಂಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು 1-2 ಸೋತಾಗ, 82ನೇ ನಿಮಿಷದ ಗೋಲ್ ಆದಮೇಲೆ ಜನ ಎದ್ದು ಹೋಗೋದು ನೋಡಿ ಒಂಟಿಯಾದ ಹಾಗಾಯ್ತು ಅಂದರು. ಡಿಸೆಂಬರ್‌ನಲ್ಲಿ ವೆಸ್ಟ್ ಬ್ರಾಮ್ ಎದುರು 96ನೇ ನಿಮಿಷದಲ್ಲಿ ಒರಿಗಿ ಗೋಲಿನಿಂದ 2-2 ಆಯ್ತು. ಆವತ್ತು ಇಡೀ ತಂಡವನ್ನ ಕೈ ಕೈ ಹಿಡಿಸಿ ಅಭಿಮಾನಿಗಳ ಕಾಪ್ ಸ್ಟ್ಯಾಂಡ್ ಮುಂದೆ ಸಾಲಾಗಿ ನಿಲ್ಲಿಸಿದರು. ಹೊರಗಿನವರು ನಕ್ಕರು, ಡ್ರಾಗೆ ಇಷ್ಟು ಸಂಭ್ರಮವಾ ಅಂತ. ಅದು ಡ್ರಾಗೆ ಅಲ್ಲ, ಕೊನೆತನಕ ಎದ್ದು ಹೋಗದೆ ಕೂಗಿದವರಿಗೆ. ಮೊದಲು ಬೇಜಾರನ್ನ ಬಾಯಿಬಿಟ್ಟು ಹೇಳಿದರು, ಆಮೇಲೆ ತಾನೇ ಮೊದಲ ಹೆಜ್ಜೆ ಇಟ್ಟರು. ನಿಮ್ಮ ತಂಡಕ್ಕೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ: ಪಂದ್ಯ ಮುಗಿದ ಮೇಲೆ, ಸೋತಿದ್ದರೂ, 24 ಜನವೂ ಗ್ಯಾಲರಿ ಮುಂದೆ ಬಂದು ಒಂದು ನಿಮಿಷ ನಿಲ್ಲಲಿ. ಕೋಚ್ ಮುಂದೆ, ಹುಡುಗರು ಹಿಂದೆ.

ನಮ್ಮ ದೇಶದ್ದೇ ಬೇಕಂದ್ರೆ ಸುನಿಲ್ ಛೆಟ್ರಿ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆ ಎದುರು 5-0 ಗೆದ್ದಾಗ ನೋಡೋಕೆ ಬಂದಿದ್ದು 2,569 ಜನ. ಮಾರನೇ ದಿನ ಅವರೇ ಒಂದು ವಿಡಿಯೋ ಹಾಕಿ, ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬನ್ನಿ ಅಂತ ಕೇಳಿಕೊಂಡರು. ಕೀನ್ಯಾ ಎದುರಿನ ಮುಂದಿನ ಪಂದ್ಯಕ್ಕೆ ಟಿಕೆಟ್ ಪೂರ್ತಿ ಖಾಲಿ. ಆ ಮಾತಿನಲ್ಲಿ ತಾಳ್ಮೆ ಬೇಡಿರಲಿಲ್ಲ, ಯುರೋಪಿನ ಕ್ಲಬ್‌ಗಳ ಮಟ್ಟಕ್ಕೆ ನಾವಿಲ್ಲ ಅನ್ನೋದನ್ನ ಒಪ್ಪಿಕೊಂಡೇ ಕರೆದಿದ್ದರು. ಒಪ್ಪಿಕೊಂಡವನ ಮಾತು ಜನ ಕೇಳ್ತಾರೆ.

---

ಎಡಬದಿ ಬೆಂಚು

ಎಲ್ಲರಿಗೂ ಧನ್ಯವಾದ. ಕಾರ್ಯದರ್ಶಿಗಳು ಒಂದು ಕರಡು ಬರೆದಿದ್ದಾರೆ, ಶುಕ್ರವಾರ ಕೋಚ್ ಹೆಸರಲ್ಲಿ ಹಾಕಬೇಕು ಅಂತ. ಇಲ್ಲಿ ಹಾಕುತ್ತಿದ್ದೇನೆ:

"ಪ್ರೀತಿಯ ಅಭಿಮಾನಿಗಳೇ, ನಮ್ಮ ತಂಡ ಸಂಕ್ರಮಣ ಕಾಲದಲ್ಲಿದೆ. ನಮ್ಮ ಯುವ ಆಟಗಾರರು ಅಪಾರ ಪ್ರತಿಭಾವಂತರು, ನೂರಕ್ಕೆ ನೂರರಷ್ಟು ಶ್ರಮ ಹಾಕುತ್ತಿದ್ದಾರೆ. ಅದೃಷ್ಟ ಕೈಹಿಡಿಯಲಿಲ್ಲ. ನಿಜವಾದ ಅಭಿಮಾನಿಗಳು ಕಷ್ಟದಲ್ಲಿ ಜೊತೆಗಿರುತ್ತಾರೆ. ಮುಂದಿನ ಸೀಸನ್‌ನಲ್ಲಿ ಖಂಡಿತ ಸೂಪರ್ ಡಿವಿಷನ್‌ಗೆ ಏರುತ್ತೇವೆ."

ಅಂಕಿ ಅಂಶ ಬೇಕಾದರೆ ಇವೆ: ಬಿಟ್ಟ 9 ಗೋಲಿನಲ್ಲಿ 4 ನಮ್ಮ ಅರ್ಧದಲ್ಲೇ ಬಾಲ್ ಕಳೆದುಕೊಂಡು ಬಂದವು, 3 ಕಾರ್ನರ್‌ನಿಂದ.

---

ಮಧ್ಯಗೆರೆ

ಕಾರ್ಯದರ್ಶಿಗಳ ಕಾಳಜಿ ಕಾಣುತ್ತದೆ, ಆದರೆ ಇದನ್ನು ಹೀಗೇ ಹಾಕಬೇಡಿ. ಸಾಲು ಸಾಲಾಗಿ ಹೇಳುತ್ತೇನೆ.

"ಸಂಕ್ರಮಣ ಕಾಲ": ಯಾವ ತಂಡವಾದರೂ ಯಾವ ವರ್ಷವಾದರೂ ಬರೆಯಬಹುದಾದ ಮಾತು. ತೆಗೆಯಿರಿ.

"ಅಪಾರ ಪ್ರತಿಭಾವಂತರು": ಇದು ಹುಡುಗರಿಗೇ ಹೊರೆ. ಮುಂದಿನ ಪಂದ್ಯದಲ್ಲಿ ಪಾಸ್ ತಪ್ಪಿದರೆ "ಅಪಾರ ಪ್ರತಿಭೆ ನೋಡಿ" ಅಂತ ಗ್ರೂಪಿನಲ್ಲಿ ತಿರುಗಿ ಬರುತ್ತದೆ.

"ನೂರಕ್ಕೆ ನೂರರಷ್ಟು ಶ್ರಮ": ಶ್ರಮ ಕಮ್ಮಿಯಾಯಿತು ಎಂದು ಯಾರೂ ದೂರಿಲ್ಲವಲ್ಲ. ಕೇಳದ ಪ್ರಶ್ನೆಗೆ ಉತ್ತರ.

"ಅದೃಷ್ಟ": 9ರಲ್ಲಿ 4 ಒಂದೇ ರೀತಿ ಬಂದಿವೆ, 3 ಕಾರ್ನರ್‌ನಿಂದ ಬಂದಿವೆ. ಅದು ಅದೃಷ್ಟವಲ್ಲ, ಅದು ಜನಕ್ಕೂ ಗೊತ್ತು.

"ನಿಜವಾದ ಅಭಿಮಾನಿಗಳು": ಇಡೀ ಕರಡಿನಲ್ಲಿ ಅತಿ ಅಪಾಯದ ಸಾಲು ಇದೇ. ಬೈಯುತ್ತಿರುವವರೂ ಬಸ್ ಹಿಡಿದು ಬಂದು ಬಿಸಿಲಿನಲ್ಲಿ ಕೂತು ನೋಡಿದವರೇ. ಅವರನ್ನು ಸುಳ್ಳು ಅಭಿಮಾನಿಗಳು ಎಂದ ಹಾಗಾಯಿತು.

"ಖಂಡಿತ ಏರುತ್ತೇವೆ": ಕೋಚ್ ಕೈಯಲ್ಲಿಲ್ಲದ್ದನ್ನು ಕೋಚ್ ಹೆಸರಲ್ಲಿ ಮಾತು ಕೊಡುವುದು. ಕೈಯಲ್ಲಿರುವುದನ್ನು ಮಾತ್ರ ಕೊಡಲಿ.

ನಾನಾದರೆ ಹೀಗೆ ಬರೆಯುತ್ತೇನೆ:

"ನಮಸ್ಕಾರ. ನಾಲ್ಕು ಪಂದ್ಯದಲ್ಲಿ ಒಂದೇ ಪಾಯಿಂಟ್ ಬಂದಿದೆ, ಅದು ಸಾಲದು. 9 ಗೋಲು ಬಿಟ್ಟಿದ್ದೇವೆ. ಅದರಲ್ಲಿ 4 ನಮ್ಮ ಅರ್ಧದಲ್ಲೇ ಬಾಲ್ ಕಳೆದುಕೊಂಡದ್ದರಿಂದ, 3 ಕಾರ್ನರ್‌ನಿಂದ. ಕಾರ್ನರ್ ನಿಲುವನ್ನು ಈ ವಾರ ಬದಲಾಯಿಸಿದ್ದೇವೆ, ಅದು ಬೇಗ ಸರಿಯಾಗಬೇಕು. ಗೋಲಿಯಿಂದ ಚಿಕ್ಕ ಪಾಸ್‌ನಲ್ಲಿ ಶುರು ಮಾಡುವುದನ್ನು ಮಾತ್ರ ಬಿಡುವುದಿಲ್ಲ. ತಲೆಯಲ್ಲಿ ಬಾಲ್ ಗೆದ್ದು ಹಿಡಿಯುವ ಸ್ಟ್ರೈಕರ್ ಈಗ ನಮ್ಮಲ್ಲಿಲ್ಲ, ಉದ್ದ ಹೊಡೆದರೆ ಬಾಲ್ ತಿರುಗಿ ನಮ್ಮ ಮೇಲೇ ಬರುತ್ತದೆ. ಎದುರಾಳಿ ಮೂರು ಜನ ಬಾಕ್ಸ್‌ಗೆ ನುಗ್ಗಿದರೆ ಮಾತ್ರ ಉದ್ದ ಹೊಡೆಯಲು ಗೋಲಿಗೆ ಹೇಳಿದ್ದೇನೆ. ಈ ರೀತಿ ಆಡಲು ಹೇಳಿದವನು ನಾನು. ತಪ್ಪಾದರೆ ನನ್ನನ್ನು ಕೇಳಿ. ಭಾನುವಾರ ಗೋಲಿ ಬಾಲ್ ಇಟ್ಟಾಗ ಗ್ಯಾಲರಿಯಿಂದ ಒಂದೇ ಸಹಾಯ ಬೇಕು: ಅವನು ಪಾಸ್ ಕೊಡುವವರೆಗೆ ಸುಮ್ಮನಿರಿ. ಆಮೇಲೆ ಎಷ್ಟು ಬೇಕಾದರೂ ಕೂಗಿ."

---

ಆರನೇ ನಂಬರ್

ತುಂಬಾ ಚೆನ್ನಾಗಿದೆ. ಒಂದು ಸಾಲು ಹೊಡೆದುಹಾಕಿ: "ಎದುರಾಳಿ ಮೂರು ಜನ ನುಗ್ಗಿದರೆ ಮಾತ್ರ ಉದ್ದ". ಅದನ್ನು ಓದಿದ ಎದುರಾಳಿ ಕೋಚ್ ಇಬ್ಬರನ್ನು ಮಾತ್ರ ಕಳಿಸಿ, ಮೂರನೆಯವನನ್ನು ನಿಮ್ಮ ಮಿಡ್‌ಫೀಲ್ಡರ್ ಬೆನ್ನಿಗೆ ಅಂಟಿಸುತ್ತಾರೆ. ಅದು ಮಂಗಳವಾರದ ಮಾತಿಗೆ ಇರಲಿ. ಕಾರ್ನರ್ ಬಗ್ಗೆ ಬದಲಾಯಿಸಿದ್ದೇವೆ ಎಂಬಷ್ಟೇ ಸಾಕು, ಹೇಗೆ ಅಂತ ಬರೆದಿಲ್ಲ, ಸರಿಯಾಗಿದೆ.

"ಸುಮ್ಮನಿರಿ" ಎನ್ನುವುದೂ ಸ್ವಲ್ಪ ಗಡಸು. "ಅವನು ಪಾಸ್ ಕೊಡುವವರೆಗೆ ಅವನಿಗೆ ಬಿಡಿ" ಅಂದರೆ ಮೃದುವಾಗುತ್ತದೆ, ಕೆಲಸ ಅದೇ.

ಮತ್ತೆ, ಇದು ಕೋಚ್ ಮಾತಿನ ಹಾಗೆ ಕೇಳಿಸಬೇಕು. ಬರೆದುಕೊಟ್ಟು ಓದಿಸಬೇಡಿ. ನಾಲ್ಕು ವಿಷಯ ಚೀಟಿಯಲ್ಲಿ ಗುರುತು ಹಾಕಿಕೊಡಿ, ಅವರದೇ ಮಾತಿನಲ್ಲಿ ಹೇಳಲಿ. ನಡುವೆ ತಡವರಿಸಿದರೂ ಹಾಗೇ ಬಿಡಿ.

---

ಐಸ್ ಬಕೆಟ್

ಹುಡುಗರ ಮೈ ವಿಷಯ ಯಾರೂ ಎತ್ತಿಲ್ಲ. ಗ್ಯಾಲರಿಯಲ್ಲಿ ಅತಿ ಹೆಚ್ಚು ತಪ್ಪು ತಿಳಿಯುವುದು ಬದಲಾವಣೆಗಳನ್ನು. 17ರ ವಿಂಗರ್ ಚೆನ್ನಾಗಿ ಆಡುತ್ತಿರುವಾಗ 60ನೇ ನಿಮಿಷಕ್ಕೆ ಇಳಿಸಿದರೆ "ಕೋಚ್‌ಗೆ ಆಟ ಓದಲು ಬರಲ್ಲ" ಅಂತಾರೆ. ಆ ವಯಸ್ಸಿನವರು ದೊಡ್ಡವರ ಲೀಗ್‌ನಲ್ಲಿ ಕೊನೆಯ ಅರ್ಧ ಗಂಟೆ ಓಡುವಾಗ ದಣಿದ ತೊಡೆಯ ಹಿಂಭಾಗಕ್ಕೇ ಮೊದಲು ಪೆಟ್ಟು. ಹ್ಯಾಮ್‌ಸ್ಟ್ರಿಂಗ್ (ಆ ಹಿಂಭಾಗದ ಸ್ನಾಯು) ಒಮ್ಮೆ ಹೋದರೆ, ಅವಸರದಲ್ಲಿ ವಾಪಸ್ ತಂದರೆ, ಮತ್ತೆ ಅದೇ ಜಾಗದಲ್ಲಿ ಹೋಗುತ್ತದೆ. ಹಾಗಾಗಿ ಸೀಸನ್ ಉದ್ದಕ್ಕೂ ಒಂದು ನಿಯಮ ಮುಂಚೆಯೇ ಸಾರಿಬಿಡಿ: 18 ತುಂಬದವರು 60-70 ನಿಮಿಷ, ಮೂರು ದಿನದೊಳಗೆ ಎರಡು ಪಂದ್ಯ ಬಂದರೆ ಎರಡರಲ್ಲೂ ಶುರುವಿನಿಂದ ಆಡುವುದಿಲ್ಲ. ಹೆಸರು ಬೇಡ, ವಯಸ್ಸಿನ ನಿಯಮ ಅಂತ ಹೇಳಿದರೆ ಸಾಕು. ಆಮೇಲೆ ಇಳಿಸಿದಾಗ ಅದು ಶಿಕ್ಷೆ ಅಂತ ಯಾರಿಗೂ ಅನಿಸುವುದಿಲ್ಲ, ಹುಡುಗನಿಗೂ ಸಹ. 2022ರಿಂದ ಆಟದ ನಿಯಮವೇ ಐದು ಬದಲಾವಣೆಗೆ ಖಾಯಂ ಅವಕಾಶ ಕೊಟ್ಟಿದೆ. ನಿಮ್ಮ ಲೀಗ್ ಎಷ್ಟು ಬಿಡುತ್ತದೆ ಅಂತ ಈ ಸಲದ ರೂಲ್ಸ್ ಹಾಳೆಯಲ್ಲಿ ನೋಡಿಕೊಂಡು ಲೆಕ್ಕ ಹಾಕಿ.

ಗಾಯದ ಬಗ್ಗೆ ಬರೆಯುವಾಗ ತಾರೀಖು ಕೊಡಬೇಡಿ, ಹಂತ ಕೊಡಿ. "ಒಬ್ಬನೇ ಓಡುತ್ತಿದ್ದಾನೆ", "ತಂಡದ ಜೊತೆ ಅರ್ಧ ಅಭ್ಯಾಸ", "ಪೂರ್ತಿ ಅಭ್ಯಾಸ". ತಾರೀಖು ಕೊಟ್ಟರೆ ಆ ದಿನ ಬಂದಾಗ ಹುಡುಗನ ಮೇಲೂ ಫಿಸಿಯೋ ಮೇಲೂ ಒತ್ತಡ ಬೀಳುತ್ತದೆ. 18 ತುಂಬದವರ ವಿಷಯದಲ್ಲಿ ಎಲ್ಲಿ, ಏನು ಪೆಟ್ಟು ಎಂಬುದನ್ನೂ ಬರೆಯಬೇಡಿ, "ಈ ವಾರ ಲಭ್ಯವಿಲ್ಲ" ಸಾಕು. ಫೋಟೋ, ಸಂದರ್ಶನ ಏನೇ ಇದ್ದರೂ ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ಓದುವ ಕಾಲೇಜಿನ ಹೆಸರು ಹಾಕಬೇಡಿ. ಪಿಯುಸಿ ಪರೀಕ್ಷೆ ದಿನಗಳಲ್ಲಿ ಯಾರಾದರೂ ಬರದಿದ್ದರೆ "ಪರೀಕ್ಷೆ ಇದೆ" ಅಂತ ಧಾರಾಳವಾಗಿ ಹೇಳಿ. ನಮ್ಮ ಊರಲ್ಲಿ ಆ ಕಾರಣಕ್ಕೆ ಯಾರೂ ಬೈಯುವುದಿಲ್ಲ.

ಗೋಲಿ ಹುಡುಗನ ವಿಷಯ. 2021ರ ಯೂರೋ ಫೈನಲ್‌ನಲ್ಲಿ ಪೆನಾಲ್ಟಿಯನ್ನು ಗೋಲಾಗಿಸಲಾಗದ ಇಂಗ್ಲೆಂಡ್ ಆಟಗಾರ ಬುಕಾಯೊ ಸಾಕಾಗೆ ಆಗ 19 ವರ್ಷ. ಹೇಸಿಗೆಯ ಜನಾಂಗೀಯ ನಿಂದನೆ ಬಂತು. ಆರ್ಸೆನಲ್ ಅಭ್ಯಾಸಕ್ಕೆ ಅವನು ಮರಳಿದ ದಿನ ಅಭಿಮಾನಿಗಳು ಬರೆದ ಪತ್ರಗಳನ್ನು ಒಂದು ಗೋಡೆಯ ತುಂಬ ಅಂಟಿಸಿ ತೋರಿಸಿದರು. ನಿಮ್ಮ ಕ್ಲಬ್ ರೂಮಿನಲ್ಲೂ ಒಂದು ಗೋಡೆ ಇದ್ದೇ ಇರುತ್ತದೆ. ಗ್ರೂಪಿನಲ್ಲಿ ಬೈಯದೆ ಸುಮ್ಮನಿರುವವರೇ ಹೆಚ್ಚು, ಅವರಿಗೆ ಒಂದೊಂದು ಸಾಲು ಬರೆದುಕೊಡಲು ಹೇಳಿ.

---

ಎಡಬದಿ ಬೆಂಚು

ಗೋಡೆ ವಿಷಯ ಇವತ್ತೇ ಗ್ರೂಪಿನಲ್ಲಿ ಹೇಳಿದೆ, ಆಗಲೇ 11 ಜನ ಬರೆದುಕೊಡುತ್ತೇವೆ ಅಂದಿದ್ದಾರೆ. ಕೊನೆಯದಾಗಿ ಎರಡು. ಶುಕ್ರವಾರ ಇಷ್ಟೆಲ್ಲ ಹೇಳಿ ಭಾನುವಾರ 0-5 ಆದರೆ? ಮತ್ತೆ, ಹೋದ ಸ್ಟ್ರೈಕರ್ ಬಗ್ಗೆ ಈವರೆಗೆ ಕ್ಲಬ್ ಒಂದು ಮಾತೂ ಆಡಿಲ್ಲ, ಈಗ ತಡವಾಯಿತೇ?

---

ಪಶ್ಚಿಮ ಮೂಲೆ

0-5 ಆದರೆ ಆವತ್ತು ಎರಡೇ ಸಾಲು, ಪಂದ್ಯ ಮುಗಿದು ಅರ್ಧ ಗಂಟೆ ಆದಮೇಲೆ: "ಇವತ್ತಿನ ಆಟ ನಿಮಗೆ ತೋರಿಸುವ ಹಾಗಿರಲಿಲ್ಲ. ಕಾರಣ ಮಂಗಳವಾರ ಹೇಳ್ತೀನಿ." ಅಷ್ಟೇ. ರೆಫರಿ, ಟರ್ಫ್, ಬಿಸಿಲು, ಯಾವ ಹೆಸರೂ ಬೇಡ. ಮಂಗಳವಾರ ಹೇಳ್ತೀನಿ ಅಂದ ಮೇಲೆ ಮಂಗಳವಾರ ಹೇಳಲೇಬೇಕು, ಬುಧವಾರ ಆದರೆ ಮಾತು ತಪ್ಪಿದ ಹಾಗೆ. ಆ ದಿನ ನೋಟ್‌ಬುಕ್ ಲೆಕ್ಕವನ್ನೂ ಹಾಕಿ, ಅಂಕ ಕೆಟ್ಟದಾಗಿದ್ದರೂ. ಚೆನ್ನಾಗಿದ್ದಾಗ ಮಾತ್ರ ತೋರಿಸಿದರೆ ಅದಕ್ಕೆ ಬೆಲೆ ಇರಲ್ಲ.

ಸ್ಟ್ರೈಕರ್ ವಿಷಯ ತಡ ಆಗಿದೆ, ಆದರೂ ಹೇಳಿ. ಕೋಚ್ ಮಾತಿಗೆ ಮುಂಚೆ, ಬೇರೆ ದಿನ, ಕಾರ್ಯದರ್ಶಿ ಹೆಸರಲ್ಲಿ. ಮೊದಲು ಅವರು ಎಷ್ಟು ವರ್ಷ ಆಡಿದರು, ಎಷ್ಟು ಗೋಲು ಹೊಡೆದರು, ಅದಕ್ಕೆ ಕೃತಜ್ಞತೆ. ಆಮೇಲೆ ಬಿಟ್ಟುಕೊಟ್ಟ ತೀರ್ಮಾನ ಯಾರದ್ದು, ಯಾಕೆ, ಒಂದೇ ಸಾಲಿನಲ್ಲಿ. ದುಡ್ಡಿಗಾಗಿ ಅಂದ್ರೆ ದುಡ್ಡಿಗಾಗಿ ಅಂತಲೇ. ಆಟಗಾರನಿಗೆ ಮುಂಚೆಯೇ ತೋರಿಸಿ ಒಪ್ಪಿಗೆ ತಗೊಳ್ಳಿ, ತಾನು ಹೋದ ಕಾರಣವನ್ನ ಅವರು ಗ್ರೂಪಿನಲ್ಲಿ ಓದಿ ತಿಳೀಬಾರದು. ಸಾಧ್ಯ ಆದರೆ ಊರಲ್ಲೇ ಇರುವ ಅವರನ್ನ ಒಂದು ಪಂದ್ಯಕ್ಕೆ ಕರೆದು, ಶುರುವಿಗೆ ಮುಂಚೆ ಅಂಗಳಕ್ಕಿಳಿಸಿ, ಆ 19ರ ಗೋಲಿ ಕೈಯಿಂದಲೇ ಅವರ ಹಳೇ ನಂಬರಿನ ಜೆರ್ಸಿ ಕೊಡಿಸಿ.

---

ಎಡಬದಿ ಬೆಂಚು

ಕರಡು ತಿದ್ದಿ ಕಾರ್ಯದರ್ಶಿಗಳಿಗೆ ಕಳಿಸಿದ್ದೇನೆ. ಕೋಚ್ ಶುಕ್ರವಾರ ಅಭ್ಯಾಸ ಮುಗಿಸಿ, ಬೂಟ್ ಬಿಚ್ಚುವ ಮುಂಚೆಯೇ ಧ್ವನಿ ರೆಕಾರ್ಡ್ ಮಾಡುತ್ತಾರಂತೆ. ನೋಟ್‌ಬುಕ್ ಹಿಡಿದು ಕೂರಲು ಇಬ್ಬರು ಒಪ್ಪಿದ್ದಾರೆ, ಒಬ್ಬರು ಗೋಲ್ ಹಿಂದೆ, ಒಬ್ಬರು ಮಧ್ಯಗೆರೆ ಹತ್ತಿರ. ನಾಲ್ಕು ಪಂದ್ಯದ ಲೆಕ್ಕ ಕೂಡಿದ ಮೇಲೆ ಇಲ್ಲೇ ಹಾಕುತ್ತೇನೆ.